ಒಂಟಿ ಗಂಟಿನ ಊರು

ಮಂಜು ಬಿಟ್ಟುಹೋಗದ ಊರೊಂದಿತ್ತು. ಬೇಸಿಗೆಯಲ್ಲೂ ಮಂಜು, ನಡುಹಗಲಲ್ಲೂ ಮಂಜು. ಚಾಚಿದ ಕೈ ಮೊಣಕೈವರೆಗೆ ಕಂಡರೆ ಇವತ್ತು ಬಿಸಿಲು ಚೆನ್ನಾಗಿದೆ ಅನ್ನುತ್ತಿದ್ದರು. ಕೂಗಿ ಕರೆಯೋಣ ಅಂದರೆ ಆ ಮಂಜಿನಲ್ಲಿ ದನಿಗೆ ದಿಕ್ಕೇ ಇರಲಿಲ್ಲ. ಎದುರಿಗೆ ನಿಂತು ಕೂಗಿದವನ ದನಿ ಬೆನ್ನ ಹಿಂದಿನಿಂದ ಕೇಳಿಸುತ್ತಿತ್ತು. ಹಾಗಾಗಿ ಆ ಊರಿನವರು ಹಗ್ಗ ಹಿಡಿದು ನಡೆಯುತ್ತಿದ್ದರು.

ಒಂದೇ ಹಗ್ಗ. ಊರಬಾಗಿಲಲ್ಲಿ ಶುರುವಾಗಿ, ಗೋಡೆಗಳ ಗುಂಟ ಸೊಂಟದೆತ್ತರಕ್ಕೆ ಹರಿದು, ಒಂದು ಮನೆಯನ್ನೂ ಬಿಡದೆ ಸುತ್ತಿ ಬರುತ್ತಿತ್ತು. ಹಗ್ಗದ ಮೇಲೆ ನಾರಿನಿಂದ ಬಿಗಿದ ಗಂಟುಗಳು. ಊರಬಾಗಿಲಲ್ಲಿ ಒಂಟಿ ಗಂಟು, ಮುಷ್ಟಿಗೂ ಮೀರಿದ್ದು, ಊರಿಗೆಲ್ಲ ಅದೊಂದೇ. ಅದು ಸಿಕ್ಕಿತು ಅಂದರೆ ಊರು ಸಿಕ್ಕಿತು. ಕೇರಿ ಶುರುವಾಗುವಲ್ಲಿ ಜೋಡಿ ಗಂಟು. ಆ ಕೇರಿಯೊಳಗಿನ ಬೀದಿಗೆ ಮೂರು ಗಂಟು, ಬೀದಿಯ ಗುರುತಿಗೆ ಅದರ ಜೊತೆ ಪೋಣಿಸಿದ ಮಣ್ಣಿನ ಮಣಿಯೋ, ಬಳೆಯ ಚೂರೋ, ದಾರದ ಉಂಡೆಯೋ. ಬೀದಿಯೊಳಗಿನ ಮನೆಗೆ ನಾಲ್ಕು ಗಂಟು. ಮನೆಗೆ ಬೇರೆ ಗುರುತು ಇರಲಿಲ್ಲ. ಬೀದಿಯ ಗಂಟಾದ ಮೇಲೆ ಎಷ್ಟನೆಯದು ಅಂತ ಎಣಿಸಿಕೊಂಡರೆ ಮುಗಿಯಿತು. ಬೇಡದ ಕೇರಿಯನ್ನು ಸುತ್ತಬೇಕಾಗಿಯೂ ಇರಲಿಲ್ಲ. ಜೋಡಿ ಗಂಟಿನಿಂದ ಮುಂದಿನ ಜೋಡಿ ಗಂಟಿಗೆ ಅಡ್ಡಹಗ್ಗ ಕಟ್ಟಿರುತ್ತಿದ್ದರು, ಹಿಡಿದು ದಾಟಿಬಿಡಬಹುದಿತ್ತು.

ಇನ್ನೂ ಒಂದು ಗಂಟಿತ್ತು. ಮನೆಯಲ್ಲಿ ಕೂಸು ಹುಟ್ಟಿ ಅತ್ತಿತು ಅಂದರೆ, ಬಾಗಿಲ ನಾಲ್ಕು ಗಂಟಿನ ಪಕ್ಕದಲ್ಲಿ ಬಟಾಣಿಯಷ್ಟು ಪುಟ್ಟ ಐದು ಗಂಟು. ಅದನ್ನು ಕಟ್ಟುವ ಹಕ್ಕು ಸೂಲಗಿತ್ತಿಯೊಬ್ಬಳಿಗೆ.

ಮಕ್ಕಳಿಗೆ ಮಾತು ಬಂದ ಕೂಡಲೇ ಕಲಿಸುತ್ತಿದ್ದದ್ದು ಇದು: ‘ಮನೆ ಬೀದಿಯ ಮಡಿಲಲ್ಲಿ, ಬೀದಿ ಕೇರಿಯ ಮಡಿಲಲ್ಲಿ, ಕೇರಿ ಊರಿನ ಮಡಿಲಲ್ಲಿ.’ ಗಂಟು ದೊಡ್ಡಸ್ತಿಕೆಗೆ ಕಟ್ಟಿದ್ದಲ್ಲ, ಚಂದಕ್ಕೂ ಕಟ್ಟಿದ್ದಲ್ಲ. ಯಾರ ಮಡಿಲಲ್ಲಿ ಯಾರು ಅನ್ನುವುದನ್ನು ಕೈಗೆ ಹೇಳುವುದಕ್ಕೆ ಕಟ್ಟಿದ್ದು. ಇಷ್ಟು ಸಣ್ಣ ಮಾತು ದೊಡ್ಡವರಾದ ಮೇಲೆ ಯಾಕೆ ಮರೆತುಹೋಗುತ್ತದೋ, ಆ ದೇವರೇ ಹೇಳಬೇಕು.

ಊರಿನ ಯಜಮಾನನ ಹತ್ತಿರ ಒಂದು ಲಾಂದ್ರವಿತ್ತು. ಅದರ ಬೆಳಕು ಮಂಜನ್ನು ನಾಲ್ಕಾರು ಮಾರು ಸೀಳುತ್ತಿತ್ತು. ಹೊರಗಿನಿಂದ ಬಂದ ನೆಂಟರು ಲಾಂದ್ರ ಹಿಡಿದೇ ಊರು ನೋಡುತ್ತಿದ್ದರು. ಒಂದು ಸಲ ಅಂಥ ನೆಂಟನೊಬ್ಬ ಹಗ್ಗದ ಮೇಲೆ ಬೆಳಕು ಬಿಟ್ಟು ಮೂಗು ಮುರಿದ. “ಇದೇನ್ರೀ ಇದು, ದನದ ಕೊಟ್ಟಿಗೆ ಹಗ್ಗ ಇದ್ದ ಹಾಗಿದೆ! ಒಂದು ದಪ್ಪ, ಒಂದು ಸಣ್ಣ. ನೋಡೋಕೆ ಒಂದು ಲಕ್ಷಣ ಬೇಡವೇ?”

ಯಜಮಾನ ನಾಚಿಕೆಯಿಂದ ಕುಗ್ಗಿಹೋದ. ಜನ್ಮದಲ್ಲಿ ಒಂದು ದಿನವೂ ಹಗ್ಗ ಮುಟ್ಟಿ ನಡೆದವನಲ್ಲ, ಅವನಿಗೆ ಹಗ್ಗದ ಲಕ್ಷಣದ ಚಿಂತೆ ಹತ್ತಿತು. ಗಂಟುಗಾರನನ್ನು ಕರೆಸಿದ.

“ನನ್ನ ಬಾಗಿಲಿಗೆ ನಾಲ್ಕು ಗಂಟು ಯಾಕೋ? ನಾನೇನು ನಾಲ್ಕನೆಯವನೇ? ಒಂಟಿ ಗಂಟು ಕಟ್ಟು. ದೊಡ್ಡದಾಗಿ ಕಟ್ಟು.”

“ಬುದ್ಧೀ, ಒಂಟಿ ಗಂಟು ಅಂದ್ರೆ ಊರು...” ಗಂಟುಗಾರ ತಲೆ ಕೆರೆದುಕೊಂಡ.

“ಊರು ಅಂದ್ರೆ ನಾನಲ್ವೇನೋ?”

ಯಜಮಾನನಿಗೆ ಕಟ್ಟಿದ ಮೇಲೆ ಜವಳಿಯವನು ಸುಮ್ಮನಿರುತ್ತಾನೆಯೇ? ಅವನಿಗೂ ಒಂಟಿ ಗಂಟು, ಅದೂ ರೇಷ್ಮೆಯದು. ಎಣ್ಣೆ ಅಂಗಡಿಯವನಿಗೆ, ಅವನ ಭಾವಮೈದುನನಿಗೆ, ಮೇಲಿನ ಕೇರಿಯ ಪ್ರತಿ ಬಾಗಿಲಿಗೂ ಒಂಟಿ ಗಂಟು. ನಾಲ್ಕು ಗಂಟು ಸಾಲಾಗಿ ಕಟ್ಟಿದರೆ ಹೂಮಾಲೆಯಂತೆ ಮುದ್ದಾಗಿರುತ್ತದೆ ಅಂತ ಯಜಮಾನನ ಹೆಂಡತಿ ಅಂದಳು. ಸರಿ, ಬಾಗಿಲೇ ಇಲ್ಲದ ಬೋಳು ಗೋಡೆಗಳ ಉದ್ದಕ್ಕೂ ನಾಲ್ಕು ಗಂಟುಗಳ ತೋರಣ. ಮೂರು ಗಂಟು ಇತ್ತ ದಪ್ಪವೂ ಅಲ್ಲ ಅತ್ತ ಸಣ್ಣವೂ ಅಲ್ಲ, ಬಾವು ಬಂದ ಹಾಗಿದೆ ಅಂತ ಊರಿನಿಂದಲೇ ಕಿತ್ತು ಹಾಕಿಸಿದರು. ಜೋಡಿ ಗಂಟನ್ನೂ ಅಡ್ಡಹಗ್ಗವನ್ನೂ ಬಿಚ್ಚಿ, ಅದರ ಬದಲು ಗೋಡೆಯ ಮೇಲೆ ಬಂಗಾರದ ಬಣ್ಣದಲ್ಲಿ ಜೋಡಿ ಗಂಟಿನ ಚಿತ್ರ ಬರೆಸಿದರು. ಅದೆಷ್ಟು ದೊಡ್ಡ ಚಿತ್ರ, ಅದೆಷ್ಟು ಹೊಳಪು! ಲಾಂದ್ರ ಹಿಡಿದವರು ನೋಡಿ ಭೇಷ್ ಭೇಷ್ ಅಂದರು. ಅವರ ಭೇಷಿಗೆ ಬೆಂಕಿ ಬೀಳ.

ಇಷ್ಟೆಲ್ಲ ನಡೆಯುವಾಗ ಸೂಲಗಿತ್ತಿ ಊರಲ್ಲಿರಲಿಲ್ಲ. ಹೊಳೆಯಾಚೆಯ ಊರಿನಲ್ಲಿ ಒಂದು ಕಷ್ಟದ ಹೆರಿಗೆಗೆ ಹೋಗಿ, ಬಾಣಂತಿ ಚೇತರಿಸಿಕೊಳ್ಳಲಿ ಅಂತ ಅಲ್ಲೇ ಉಳಿದಿದ್ದಳು. ಅವಳ ಮಗಳು ತುಂಬಿದ ಬಸುರಿ. ಕೆಳಗಿನ ಕೇರಿ, ಕುಂಬಾರರ ಬೀದಿ, ಮೂರನೆಯ ಮನೆ. ದಿನ ಇನ್ನೂ ಇದೆ ಅಂದುಕೊಂಡಿದ್ದವಳಿಗೆ ಒಂದು ಬೆಳಿಗ್ಗೆ ಅಂಬಿಗ ಬಂದು ಹೇಳಿದ: “ಅವ್ವಾ, ನಿನ್ನ ಮಗಳಿಗೆ ನೋವು ಎದ್ದಿದೆಯಂತೆ. ಅಳಿಯ ದಡದವರೆಗೂ ಬಂದು ಹೇಳಿ ಹೋದ. ಕೂಸು ಅಡ್ಡ ತಿರುಗಿದ ಹಾಗಿದೆಯಂತೆ, ಬೇಗ ಬಾ.”

ಅಡ್ಡ ತಿರುಗಿದ ಕೂಸನ್ನು ಹೊರಗಿನಿಂದ ಹೊಟ್ಟೆ ಸವರಿ ತಿರುಗಿಸುವ ಕೈ ಆ ಸುತ್ತಿನಲ್ಲಿ ಅವಳದೊಂದೇ. ಹೊತ್ತು ಮೀರಿದರೆ ಆ ಕೈಯೂ ಏನೂ ಮಾಡಲಾರದು. ಅವಳು ಹೊಕ್ಕುಳಬಳ್ಳಿ ಕೊಯ್ಯುವ ಕುಡುಗೋಲನ್ನು ಮಡಿಲಿಗೆ ಸಿಕ್ಕಿಸಿಕೊಂಡು, ಉಟ್ಟ ಸೀರೆಯಲ್ಲೇ ದೋಣಿ ಹತ್ತಿದಳು.

ಊರಬಾಗಿಲಲ್ಲಿ ಹಗ್ಗ ಹಿಡಿದಳು. ಒಂಟಿ ಗಂಟು ಕೈ ತುಂಬ ಸಿಕ್ಕಿತು. ಊರು ಬಂತು, ಮಗಳೇ, ಬಂದುಬಿಟ್ಟೆ ಅಂದುಕೊಂಡು ಬಿರಬಿರನೆ ನಡೆದಳು. ಕೈಬಳೆಗಳು ಹಗ್ಗಕ್ಕೆ ತಾಕಿ ಗಲಗಲ ಅಂದವು. ಸ್ವಲ್ಪ ದೂರಕ್ಕೇ ಮತ್ತೆ ಒಂಟಿ ಗಂಟು.

ಒಂಟಿ ಗಂಟು ಅಂದರೆ ಊರಬಾಗಿಲು. ಅಂದರೆ ತಾನು ಗಾಬರಿಯಲ್ಲಿ ತಿರುಗಿಬಿಟ್ಟು ಮತ್ತೆ ಬಾಗಿಲಿಗೇ ಬಂದಿದ್ದೇನೆ! ಹುಟ್ಟಿದಾಗಿನಿಂದ ಆ ಹಗ್ಗ ಅವಳ ಕೈಗೆ ಸುಳ್ಳು ಹೇಳಿರಲಿಲ್ಲ; ಅದನ್ನು ಬಿಟ್ಟು ತನ್ನ ಕಾಲನ್ನು ನಂಬುವುದು ಅವಳಿಗೆ ಗೊತ್ತಿರಲಿಲ್ಲ. ಹಿಂದಕ್ಕೆ ತಿರುಗಿ ನಡೆದಳು. ಮತ್ತೆ ಒಂಟಿ ಗಂಟು. ಅಯ್ಯೋ ಶಿವನೇ, ಅದೇ ಬಾಗಿಲು. ಮತ್ತೆ ತಿರುಗಿದಳು. ಮತ್ತೆ ಒಂಟಿ ಗಂಟು. ಗಂಟು ನುಣುಪೋ ಒರಟೋ ಅವಳು ನೋಡಲಿಲ್ಲ, ಎಷ್ಟು ಅನ್ನುವುದಷ್ಟೇ ಅವಳಿಗೆ ಬೇಕಿತ್ತು. ಬಂದಳು, ಹೋದಳು, ಬಂದಳು. ಮಗಳು ಅಲ್ಲಿ ನೋವು ತಿನ್ನುತ್ತಿದ್ದಳು, ತಾಯಿ ಇಲ್ಲಿ ಗಾಣದ ಎತ್ತಿನ ಹಾಗೆ ತಿರುಗುತ್ತಿದ್ದಳು.

“ಯಾರದು, ನನ್ನ ಗಂಟನ್ನ ಅಷ್ಟು ಹೊತ್ತಿನಿಂದ ಸವರ್ತಾ ಇರೋದು?” ಮಂಜಿನೊಳಗಿಂದ ಜವಳಿಯವನ ದನಿ ಬಂತು.

“ನಾನು, ಸೂಲಗಿತ್ತಿ. ಸಾಹುಕಾರ್ರೇ, ಊರಬಾಗಿಲಲ್ಲಿ ನೀವೇನು ಮಾಡ್ತಿದ್ದೀರಿ?”

“ಊರಬಾಗಿಲೆಲ್ಲಿ ಬಂತು? ಇದು ನನ್ನ ಮನೆ ಬಾಗಿಲು. ಹೆಂಗಿದೆ ಗಂಟು? ಅಪ್ಪಟ ರೇಷ್ಮೆ. ಮುಟ್ಟಿದರೇ ಗೊತ್ತಾಗಬೇಕು, ಇದು ಸಾಮಾನ್ಯದವನ ಮನೆ ಅಲ್ಲ ಅಂತ.”

ಅವಳ ಮೈಯೆಲ್ಲ ಉರಿದುಹೋಯಿತು.

“ನಿಮ್ಮ ಮನೆಗೆ ಒಂಟಿ ಗಂಟೇ? ನಾನು ಊರು ತಪ್ಪಿತು ಅಂತ ಎಷ್ಟು ಸಲ ಹಿಂದಕ್ಕೆ ಹೋದೆ ಗೊತ್ತಾ? ನನ್ನ ಮಗಳು ಅಲ್ಲಿ ಹೆರ್ತಾ ಇದ್ದಾಳೆ ಕಣಯ್ಯಾ!”

“ಅದಕ್ಕೆ ನನ್ನ ಮೇಲೆ ಯಾಕೆ ರೇಗ್ತೀಯ? ನಾನೊಬ್ಬನೇ ಕಟ್ಟಿಸಿಲ್ಲ. ಎಲ್ಲರೂ ಕಟ್ಟಿಸಿದ್ದಾರೆ. ನಾನು ಮಾತ್ರ ಕಟ್ಟಿಸದೆ ಬಿಟ್ಟಿದ್ದರೆ ನನ್ನ ಮರ್ಯಾದೆ ಏನಾಗ್ತಿತ್ತು?”

“ಕೆಳಗಿನ ಕೇರಿ ಎಲ್ಲಿ? ಅದನ್ನ ಹೇಳಿ ಮೊದಲು.”

“ಮುಂದೆ ಹೋಗು. ಗೋಡೆ ಮೇಲೆ ಬಂಗಾರದ ಜೋಡಿ ಗಂಟು ಬರೆದಿದ್ದಾರೆ, ಕಣ್ಣಿಗೆ ಹೊಡೆಯೋ ಹಾಗಿದೆ. ತಪ್ಪೋದೇ ಇಲ್ಲ.”

ಬರೆದಿದ್ದಾರಂತೆ! ಅವಳು ಗೋಡೆಯನ್ನು ಅಂಗೈಯಿಂದ ತಡವುತ್ತ ನಡೆದಳು. ಗೋಡೆ ನುಣ್ಣಗಿತ್ತು. ಬಂಗಾರದ ಮೇಲೆ ಕೈ ಹೋಯಿತೋ ಸುಣ್ಣದ ಮೇಲೆ ಹೋಯಿತೋ, ಯಾವ ಕೈಗೆ ಗೊತ್ತಾಗಬೇಕು? ಮುಖವನ್ನು ಗೋಡೆಗೆ ಒತ್ತಿ ನೋಡಿದಳು. ಏನೋ ಹಳದಿ ಹಳದಿ ಕಂಡಿತು. ಆ ಚಿತ್ರ ಆಳೆತ್ತರದ್ದು, ಮೂಗು ತಾಗಿಸಿ ನಿಂತವಳಿಗೆ ಅದರ ಒಂದು ಮೂಲೆಯೂ ಪೂರ್ತಿ ಕಾಣುವಂತಿರಲಿಲ್ಲ. ಅಡ್ಡಹಗ್ಗಕ್ಕಾಗಿ ಕೈ ಚಾಚಿದಳು. ಅಡ್ಡಹಗ್ಗವೂ ಇಲ್ಲ. ದಾಟಿಬಿಡಬಹುದಾಗಿದ್ದ ಕೇರಿಗಳನ್ನೆಲ್ಲ ಹಗ್ಗ ಹಿಡಿದು ಒಂದೊಂದಾಗಿ ಸುತ್ತಬೇಕಾಯಿತು.

ಅಷ್ಟರಲ್ಲಿ ನಾಲ್ಕು ಗಂಟು ಸಿಕ್ಕಿತು. ಯಾರದೋ ಮನೆ, ಕೇಳೋಣ ಅಂತ ಬಡಿದಳು. ಕಲ್ಲು ಗೋಡೆ, ಗೆಣ್ಣು ಸುಲಿಯಿತು. ಪಕ್ಕದಲ್ಲೇ ಮತ್ತೆ ನಾಲ್ಕು ಗಂಟು, ಬಡಿದಳು, ಗೋಡೆ. ಮತ್ತೆ ನಾಲ್ಕು, ಮತ್ತೆ ಗೋಡೆ. ಯಜಮಾನಿತಿಯ ಹೂಮಾಲೆ ಗೋಡೆಯುದ್ದಕ್ಕೂ ನೇತಾಡುತ್ತಿತ್ತು. “ನಿಮ್ಮ ಅಂದಕ್ಕೆ ಇಷ್ಟು ಮಣ್ಣು ಹಾಕ!” ಅಂತ ಬೈದಳು. ಬೈಯುತ್ತ ಬಡಿದಳು, ಅಳುತ್ತ ಬಡಿದಳು. ಕೊನೆಗೆ ಬಡಿಯುವುದನ್ನೇ ಬಿಟ್ಟಳು. ನಾಲ್ಕು ಗಂಟು ಸಿಕ್ಕರೆ ಕೈ ಒಂದಿಷ್ಟು ನಿಂತು, ಇದೂ ಸುಳ್ಳೇ ಇರಬೇಕು ಅಂತ ಮುಂದಕ್ಕೆ ಸರಿಯಿತು. ಮೂರು ಗಂಟು ಸಿಗಬೇಕು, ಕುಂಬಾರರ ಬೀದಿಯ ಮಣ್ಣಿನ ಮಣಿ ಸಿಗಬೇಕು, ಆಮೇಲೆ ಎಣಿಸಬೇಕು. ಮಣಿ ಸಿಗುವ ತನಕ ನಿಲ್ಲಬಾರದು ಅಂತ ಹಲ್ಲು ಕಚ್ಚಿ ನಡೆದಳು.

ನಡೆಯುತ್ತಿರುವಾಗ ಹಗ್ಗದ ಮೇಲೆ ಎದುರಿನಿಂದ ಬಂದ ಕೈಯೊಂದು ಅವಳ ಕೈಗೆ ತಗುಲಿತು. ಒಡೆದ ಚರ್ಮ, ಉಗುರಿನ ಸಂದಿಯಲ್ಲಿ ಒಣಗಿದ ಜೇಡಿ. ಅವಳಿಗೆ ಗೊತ್ತಾಯಿತು.

“ಅಳಿಯಪ್ಪಾ!”

“ಅತ್ತೇ! ಎಲ್ಲಿದ್ರಿ ಅತ್ತೇ? ನಿಮ್ಮನ್ನ ಕರೆದು ವಾಪಸು ಹೊರಟವನು ನಾನು. ನನಗೆ ನನ್ನ ಮನೆ ಸಿಗ್ತಾ ಇಲ್ಲ.” ಕುಂಬಾರ ಮಗುವಿನ ಹಾಗೆ ಬಿಕ್ಕಿದ. “ನಿಮ್ಮ ಮಗಳನ್ನ ಬಿಟ್ಟು ಎಷ್ಟೋ ದಿನದಿಂದ ಹೊರಗೇ ಬಂದಿರಲಿಲ್ಲ. ಹೋಗೋವಾಗ ಗೊತ್ತಾಗಲಿಲ್ಲ, ಹಗ್ಗ ಬಿಟ್ಟು ಇಳಿಜಾರು ಹಿಡಿದು ಹೊಳೆಗೆ ಇಳಿದುಬಿಟ್ಟೆ. ಬರುವಾಗ ನೋಡ್ತೀನಿ, ಬೀದಿ ಗಂಟೇ ಇಲ್ಲ. ಪಕ್ಕದ ಮನೆಯಾಕೆಯನ್ನ ಅವಳ ಹತ್ತಿರ ಬಿಟ್ಟಿದ್ದೆ, ಆಕೆಯೂ ನಿಮ್ಮನ್ನ ಹುಡುಕಿ ಹೊರಟು ದಾರಿ ತಪ್ಪಿ ಅಲೀತಿದ್ದಾಳೆ, ಈಗಷ್ಟೇ ಹಗ್ಗದ ಮೇಲೆ ಸಿಕ್ಕಿ ಹೇಳಿದ್ಲು. ನಿಮ್ಮ ಮಗಳು ಒಬ್ಬಳೇ ಇದ್ದಾಳೆ ಅತ್ತೇ!”

ಸೂಲಗಿತ್ತಿ ಅವನ ರಟ್ಟೆ ಹಿಡಿದು ಅಲುಗಿಸಿದಳು. “ಅಳಬೇಡ. ನಿನ್ನೆ ಗಡಿಗೆ ಸುಡೋಕೆ ಆವಿಗೆ ಹಾಕಿದ್ದೆಯಾ?”

“ಹಾಕಿದ್ದೆ. ಇನ್ನೂ ಆರಿಲ್ಲ.”

“ಹಾಗಾದ್ರೆ ನಿನ್ನ ಮನೆ ಗೋಡೆ ಬಿಸಿ ಇರುತ್ತೆ. ಗಂಟು ಬಿಡು, ಗೋಡೆ ಮುಟ್ತಾ ಬಾ.”

ಇಬ್ಬರೂ ಕೆನ್ನೆಯನ್ನು ಗೋಡೆಗೆ ಒತ್ತಿ ನಡೆದರು. ತಣ್ಣಗಿನ ಗೋಡೆ, ತಣ್ಣಗಿನ ಗೋಡೆ, ತಣ್ಣಗಿನ ಗೋಡೆ. ಅವಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿದ್ದರು. ಅದು ಅವಳಿಗೆ ತಿಳಿದಾಗ ಹೆಜ್ಜೆ ಬಿರುಸಾಯಿತು. ಗೋಡೆ ಬೆಚ್ಚಗಾಯಿತು, ಬಿಸಿಯಾಯಿತು. ಅಲ್ಲಿ ಹಗ್ಗದ ಮೇಲೆ ನಾಲ್ಕು ಗಂಟಿತ್ತು. ಒಂದು ಗಂಟಿನ ನಾರು ಬಿಟ್ಟುಕೊಂಡು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಆ ನಾರು ಆಗಲೇ ಒಮ್ಮೆ ಅವಳ ಹೆಬ್ಬೆರಳಿಗೆ ಚುಚ್ಚಿತ್ತು. ಅವಳು ಇಲ್ಲಿಗೆ ಬಂದಿದ್ದಳು. ಈ ಗಂಟನ್ನು ಮುಟ್ಟಿದ್ದಳು. ಬಡಿಯದೆ ಹೋಗಿದ್ದಳು.

ಬಾಗಿಲು ತಳ್ಳಿದಳು. ಮಗಳು ಚಾಪೆಯ ಮೇಲೆ ಇದ್ದಳು, ನೋವು ತಡೆಯಲು ಕಚ್ಚಿಕೊಂಡಿದ್ದ ಬಟ್ಟೆ ಬಾಯಿಂದ ಅರ್ಧ ಜಾರಿತ್ತು. ಅಡ್ಡವಿದ್ದ ಕೂಸು ಹೇಗೋ ಹೊರಳಿ, ಕಾಲು ಮುಂದಾಗಿ ಹೊರಗೆ ಬಂದಿತ್ತು. ನೀಲಿಗಟ್ಟಿತ್ತು. ಸೂಲಗಿತ್ತಿ ಅದನ್ನು ಎತ್ತಿ ಬೆನ್ನು ಉಜ್ಜಿದಳು, ಅಂಗಾಲು ಬಡಿದಳು, ಮೂಗಿಗೆ ಬಾಯಿಟ್ಟು ಊದಿದಳು. ಊರಿನ ಪ್ರತಿ ಕೂಸಿನಿಂದಲೂ ಮೊದಲ ಅಳು ಹೊರಡಿಸಿದ್ದ ಕೈ ಅದು. ಕೂಸು ಅಳಲಿಲ್ಲ.

ಮಗಳ ಜೀವಕ್ಕೆ ಅಪಾಯವಿರಲಿಲ್ಲ. ತಾಯಿ ಬಳ್ಳಿ ಕೊಯ್ದು, ಮೈ ಒರೆಸಿ, ಬಿಸಿನೀರು ಕುಡಿಸಿದಳು. ಆಮೇಲೆ ಮಗಳು ಮೆಲ್ಲಗೆ ಅಂದಳು.

“ಅವ್ವಾ, ನಿನ್ನ ಬಳೆ ಸದ್ದು ಕೇಳ್ತು.”

ಸೂಲಗಿತ್ತಿ ಒದ್ದೆ ಬಟ್ಟೆಯನ್ನು ಹಿಂಡಿದಳು.

“ಬಾಗಿಲ ಹತ್ತಿರ ಕೇಳ್ತು. ಅವ್ವ ಬಂದ್ಲು, ಇನ್ನೇನು ಹೆದರಿಕೆ ಇಲ್ಲ ಅಂದುಕೊಂಡೆ. ಬಾಯಲ್ಲಿ ಬಟ್ಟೆ ಇತ್ತು, ನೋವಿಗೆ ಕಚ್ಚಿದ ಹಲ್ಲು ಬಿಡಲಿಲ್ಲ, ಕೂಗೋಕೆ ಆಗಲಿಲ್ಲ. ಕೂಸು ಆಗ ಒದೀತಿತ್ತು ಅವ್ವಾ. ನೀನು ನಿಂತೆ. ಆಮೇಲೆ ಬಳೆ ಸದ್ದು ಮುಂದಕ್ಕೆ ಹೋಯ್ತು. ಯಾಕವ್ವಾ ಹೋದೆ?”

ಸೂಲಗಿತ್ತಿ ಎದ್ದು ಕುಡುಗೋಲು ಕೈಗೆ ತಗೊಂಡು ಹೊರಗೆ ಬಂದಳು.

ಮೊದಲು ಸುಳ್ಳು ಹೂಮಾಲೆಗಳನ್ನು ಕೊಯ್ದಳು. ಹಗ್ಗಕ್ಕೆ ಗಾಯವಾಗದ ಹಾಗೆ, ಬಳ್ಳಿ ಕೊಯ್ಯುವ ಹದದಲ್ಲೇ, ಗಂಟನ್ನಷ್ಟೇ ಕೊಯ್ದಳು. ನಾಲ್ಕು ಗಂಟು ಉದುರಿತು, ಮತ್ತೆ ನಾಲ್ಕು ಉದುರಿತು. ಮೇಲಿನ ಕೇರಿಗೆ ಬಂದಳು. ಎಣ್ಣೆ ಅಂಗಡಿಯವನ ಒಂಟಿ ಗಂಟು, ಅವನ ಭಾವಮೈದುನನ ಒಂಟಿ ಗಂಟು. ಜವಳಿಯವನು “ಅಯ್ಯಯ್ಯೋ, ನನ್ನ ರೇಷ್ಮೆ!” ಅಂತ ಬೊಬ್ಬೆ ಹೊಡೆದ. ಅವನ ಕಾಲ ಬಳಿ ರೇಷ್ಮೆ ಬಿತ್ತು. ಗದ್ದಲಕ್ಕೆ ಜನ ಹೊರಗೆ ಬಂದು ಹಗ್ಗ ಹಿಡಿದು ನಿಂತರು. ಗಂಟುಗಾರ ಓಡಿಬಂದ.

“ತಾಯೀ, ಹೇಳಿದ್ದನ್ನ ಕಟ್ಟಿದೆ, ನನ್ನದೇನೂ ತಪ್ಪಿಲ್ಲ.”

“ನಿನ್ನ ಹೆಂಡತಿ ಹೆರೋವಾಗ ನಾನು ಯಾವ ಗಂಟು ಹಿಡಿದು ಬಂದೆ, ಗಂಟುಗಾರ?”

ಅವನು ತಲೆ ತಗ್ಗಿಸಿದನೋ ಇಲ್ಲವೋ ಮಂಜಿನಲ್ಲಿ ಕಾಣಲಿಲ್ಲ.

ಆಗ ಬೆಳಕು ಬಂತು. ಯಜಮಾನ ಲಾಂದ್ರ ಎತ್ತಿ ಹಿಡಿದು ಬಂದು ನಿಂತ. “ಯಾರ ಅಪ್ಪಣೆ ಕೇಳಿ ಕೊಯ್ತಿದ್ದೀಯ? ಊರಿನ ಅಂದ ಹಾಳು ಮಾಡೋಕೆ ನೀನ್ಯಾರು?”

“ನಿಮ್ಮ ಅಂದ ನನ್ನ ಮೊಮ್ಮಗುವನ್ನ ತಿಂತು ಬುದ್ಧೀ.”

“ಕೂಸು ಹೋದದ್ದಕ್ಕೆ ಬೇಜಾರೇ. ಆದ್ರೆ ಎಷ್ಟು ದೊಡ್ಡದಾಗಿ ಬರೆಸಿದ್ದೀನಿ ಗೋಡೆ ಮೇಲೆ! ನನಗೆ ಇಲ್ಲಿಂದಲೇ ಕಾಣುತ್ತೆ. ನಿನಗೆ ಕಾಣದಿದ್ರೆ ನಾನೇನು ಮಾಡಲಿ?”

ಸೂಲಗಿತ್ತಿ ಕುಡುಗೋಲಿನ ಹಿಡಿಯಿಂದ ಲಾಂದ್ರಕ್ಕೆ ಒಂದು ಏಟು ಹಾಕಿದಳು. ಗಾಜು ಪುಡಿಯಾಯಿತು, ಮಂಜು ಬಂದು ಬತ್ತಿಯನ್ನು ನುಂಗಿತು. ಯಜಮಾನ ಹಾ ಅಂತ ಕೈಚಾಚಿ ಗೋಡೆ ತಡವಿದ. ಗೋಡೆ ನುಣ್ಣಗಿತ್ತು. ಜನ್ಮದಲ್ಲಿ ಮೊದಲ ಸಲ ಹಗ್ಗ ಹಿಡಿದ. ಒಂದು ಕಡೆ ಒಂಟಿ ಗಂಟು ಸಿಕ್ಕಿತು, ಅವನದೋ ಪಕ್ಕದವನದೋ. ಇನ್ನೊಂದು ಕಡೆಯೂ ಒಂಟಿ ಗಂಟು. ಆಳುಗಳನ್ನು ಕೂಗಿದ. “ಇಲ್ಲಿದ್ದೀವಿ ಬುದ್ಧೀ!” ಅಂತ ಎಲ್ಲಾ ದಿಕ್ಕಿನಿಂದ ಉತ್ತರ ಬಂತು. ಆ ಕಡೆ ಓಡಿದ, ಈ ಕಡೆ ಓಡಿದ, ಗೋಡೆಗೆ ಹಣೆ ಬಡಿದುಕೊಂಡ.

“ನನ್ನ ಮನೆ ಎಲ್ಲಿ? ಏ ಸೂಲಗಿತ್ತಿ, ನನ್ನ ಮನೆ ತೋರಿಸೇ!”

“ತೋರಿಸ್ತೀನಿ. ನೀವು ಯಾರ ಮಡಿಲಲ್ಲಿದ್ದೀರಿ, ಹೇಳಿ.”

“ಏನು?”

“ಮಾತು ಬಂದ ಕೂಡಲೇ ಕಲಿತಿದ್ದಿರಲ್ಲ, ಅದೇ. ಹೇಳಿ. ಮನೆ?”

ಯಜಮಾನ ತಡವರಿಸಿದ. “ಮನೆ... ಮನೆ ಊರಿನ...”

“ಅಲ್ಲ.”

“ಮನೆ ಕೇರಿಯ...”

“ಅಲ್ಲ! ನೀವು ಕೀಳಿಸಿದ್ರಲ್ಲ, ಮೂರು ಗಂಟು, ಅದು. ಅದೇ ನನ್ನ ಮಗಳ ಮನೆಯನ್ನ ನನ್ನ ಕೈಗೆ ಹೇಳಬೇಕಾಗಿತ್ತು.”

ಮಂಜಿನಲ್ಲಿ ಎಲ್ಲಿಂದಲೋ ಒಂದು ಪುಟ್ಟ ಹುಡುಗಿಯ ದನಿ ಶುರುಮಾಡಿತು: ಮನೆ ಬೀದಿಯ ಮಡಿಲಲ್ಲಿ. ಇನ್ನೊಬ್ಬರು ಸೇರಿದರು: ಬೀದಿ ಕೇರಿಯ ಮಡಿಲಲ್ಲಿ. ಕೊನೆಗೆ ಯಜಮಾನನೂ ಹಣೆಯ ರಕ್ತ ಒರೆಸಿಕೊಳ್ಳುತ್ತ ಅಂದ: ಕೇರಿ ಊರಿನ ಮಡಿಲಲ್ಲಿ. ಅವನ ಮನೆ ಅವನು ನಿಂತಲ್ಲಿಂದ ಒಂದು ಮಾರು ದೂರದಲ್ಲಿತ್ತು. ಸೂಲಗಿತ್ತಿ ಅವನ ಕೈ ಹಿಡಿದು ಬಾಗಿಲ ಮೇಲಿಟ್ಟಳು. ಇಟ್ಟು, ಕೈ ಕೊಡವಿಕೊಂಡಳು.

ಗಂಟುಗಾರ ಹಗ್ಗವನ್ನು ಮೊದಲಿನಿಂದ ಕಟ್ಟಿದ. ಊರಬಾಗಿಲಿಗೆ ಒಂಟಿ ಗಂಟು, ಅದೊಂದೇ. ಕೇರಿಗೆ ಜೋಡಿ, ಬೀದಿಗೆ ಮೂರು, ಮನೆಗೆ ನಾಲ್ಕು. ಜವಳಿಯವನಿಗೂ ನಾಲ್ಕು, ಯಜಮಾನನಿಗೂ ನಾಲ್ಕು. ಗೋಡೆಯ ಬಂಗಾರ ಮಂಜಿಗೆ ಒದ್ದೆಯಾಗಿ ತಾನಾಗಿ ಇಳಿದುಹೋಯಿತು.

ಕಟ್ಟಿ ಮುಗಿದ ದಿನ ಸೂಲಗಿತ್ತಿ ಊರಬಾಗಿಲಿನಿಂದ ಮಗಳನ್ನು ನೋಡಲು ಹೊರಟಳು. ಒಂಟಿ ಗಂಟು. ಜೋಡಿ ಗಂಟಿನಲ್ಲಿ ಅಡ್ಡಹಗ್ಗ ಹಿಡಿದು ಮೇಲಿನ ಕೇರಿ ದಾಟಿದಳು, ನಡುವಿನ ಕೇರಿ ದಾಟಿದಳು. ಮೂರು ಗಂಟು, ಮಣ್ಣಿನ ಮಣಿ. ಒಂದನೆಯ ಮನೆ, ಎರಡನೆಯ ಮನೆ, ಮೂರನೆಯ ಮನೆ. ಎಷ್ಟು ಬೇಗ ಬಂದುಬಿಟ್ಟಳು! ಅಷ್ಟು ಬೇಗ ಬಂದದ್ದಕ್ಕೇ ಅವಳ ಸಿಟ್ಟು ಮತ್ತೆ ನೆತ್ತಿಗೇರಿತು. ನಾಲ್ಕು ಗಂಟಿನ ಮೇಲೆ ಕೈ ನಿಂತಿತು. ಬೆರಳು ಇನ್ನೊಂದಿಷ್ಟು ಮುಂದಕ್ಕೆ, ಪುಟ್ಟ ಐದು ಗಂಟು ಇರಬೇಕಾದ ಜಾಗಕ್ಕೆ ಹೋಯಿತು. ಅಲ್ಲಿ ಬರೀ ಹಗ್ಗವಿತ್ತು.

ಬಡಿಯುವ ಮೊದಲೇ ಬಾಗಿಲು ತೆರೆಯಿತು.

“ಬಳೆ ಸದ್ದು ಕೇಳ್ತು,” ಅಂದಳು ಮಗಳು. “ಹೋಗಿಬಿಡ್ತೀಯೇನೋ ಅಂತ ಓಡಿ ಬಂದೆ.”